ಮಹಡಿಯ ಹುಡುಗಿಯ ರಾಣಿ

ಲಗ್ಗೆರೆಯ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ, ಫೋನಿನಲ್ಲಿ ಹತ್ತಾರು ಜನ ಸೇರಿ ಪಾತ್ರ ಕಟ್ಟಿ ಆಡುವ ಆಟಕ್ಕೆ ಚಿತ್ರ ಬರೆಯುತ್ತಿದ್ದಳು. ಒಂದು ಬೆಳಿಗ್ಗೆ ನನ್ನ ರಂಗೋಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅಜ್ಜಿ, ಈ ಬಳ್ಳೀನ ನನ್ನ ಆಟದ ರಾಣಿ ಸೆರಗಿಗೆ ಹಾಕ್ಕೊಳ್ಲಾ?"

"ನೆಲದ ಮೇಲಿರೋದಕ್ಕೂ ಕೇಳ್ಬೇಕೇನೇ?"

"ಕೇಳ್ಬೇಕು ಅಜ್ಜಿ." ಎಲ್ಲದಕ್ಕೂ ಅವಳದು ಅದೇ ಮಾತು.

ರಾಣಿ ಸಿದ್ಧವಾದಾಗ ಮೊದಲು ನನಗೇ ಕಳಿಸಿದಳು. ಹಿಗ್ಗು ತಡೆಯಲಾರದೆ ನಾನು ಮೊಮ್ಮಗಳಿಗೆ ಕಳಿಸಿದೆ. ಅವಳೂ ಅದೇ ಆಟದವಳು. ಆ ಚಿತ್ರ ತನ್ನದೆಂದು ಆಟದಲ್ಲಿ ಹಾಕಿ ಹೊಗಳಿಸಿಕೊಂಡಳು. ಅವಳಾದ ಮೇಲೆ ಅದನ್ನು ಹಾಕಿದ ಮಹಡಿಯ ಹುಡುಗಿಯನ್ನೇ ಕಳ್ಳಿ ಎಂದು ಎಲ್ಲರೂ ಆಟದಿಂದ ಹೊರಗಟ್ಟಿದರು.

ಆಗ ಇದೇನೂ ಗೊತ್ತಿಲ್ಲದ ನಾನು ಹೋಳಿಗೆ ಹಿಡಿದು ಮಹಡಿ ಹತ್ತಿದ್ದೆ. "ನಮ್ಮ ರಾಣಿನ ಎಲ್ಲರೂ ಮೆಚ್ಚಿದ್ರಂತೆ ಕಣೇ, ಮೊಮ್ಮಗಳು ಹೇಳಿದ್ಲು!"

"ಕೇಳ್ಬೇಕಿತ್ತು ಅಜ್ಜಿ," ಎಂದಳು, ಅಷ್ಟೇ.

ಮನೆ ಖಾಲಿ ಮಾಡಿದ ದಿನ ಗಂಟು ಹೊತ್ತು, ನನ್ನ ರಂಗೋಲಿ ತುಳಿಯದೆ ಸುತ್ತಿ ಹೋದಳು.