ವಿಶೇಷ ಅಲ್ಲ, ಬಸ್ಸು

ಎಪ್ಪತ್ತರ ದಶಕದ ಕೊನೆ. ಮದುವೆಯಾಗಿ ಜಯನಗರದ ಅತ್ತೆ ಮನೆಗೆ ಬಂದ ಹೊಸತು. ಬೊಮ್ಮನಹಳ್ಳಿಯ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ನಾನು ಟೈಪಿಸ್ಟ್. ತವರಿನಿಂದ ನಡೆದೇ ಹೋಗುತ್ತಿದ್ದೆ. ಈಗ ಬಸ್ಸು ಹತ್ತಲೇಬೇಕು. ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಹೊಟ್ಟೆ ತೊಳಸುತ್ತಿತ್ತು.

ಒಂದು ಸಂಜೆ ನಮ್ಮ ಸ್ಟಾಪಿನಲ್ಲಿ ಇಳಿದವಳೇ ಮೋರಿಯ ಪಕ್ಕ ಕೂತು ವಾಂತಿ ಮಾಡಿದೆ. ಸೊಪ್ಪು ಕೊಳ್ಳುತ್ತಿದ್ದ ಪಕ್ಕದ ಮನೆಯಾಕೆ ಓಡಿ ಬಂದು ಬೆನ್ನು ಸವರಿದರು.

"ಏನಮ್ಮಾ, ವಿಶೇಷಾನಾ?"

ಬಸುರಿಯಾ ಎಂದು ಯಾರು ನೇರವಾಗಿ ಕೇಳುತ್ತಾರೆ! ಬಾಯಲ್ಲಿ ಹುಳಿನೀರು, ಉತ್ತರ ಹೊರಡಲಿಲ್ಲ. ಆಕೆ ಅದನ್ನು ನಾಚಿಕೆ ಎಂದುಕೊಂಡರು. ನಾನು ಸುಧಾರಿಸಿಕೊಂಡು ಮನೆ ಮುಟ್ಟುವಷ್ಟರಲ್ಲಿ ಆಕೆಯಿಂದ ಸುದ್ದಿ ಮುಟ್ಟಿ ಅತ್ತೆ ಸಕ್ಕರೆ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ವಿಶೇಷ ಅಲ್ಲ ಅತ್ತೆ, ಬಸ್ಸು," ಎಂದೆ.

ಅವರ ಮುಖ ಸಪ್ಪಗಾಯಿತು. "ಎರಡರಲ್ಲಿ ಯಾವ್ದಾದ್ರೇನು? ದಿನಾ ಹಿಂಗೆ ಕಕ್ಕೊಂಡು ಯಾಕೆ ಹೋಗ್ಬೇಕು? ಕೆಲಸ ಬಿಟ್ಬಿಡು."

ಮೈಯೆಲ್ಲ ಉರಿದುಹೋಯಿತು. ಅಪ್ಪನೊಡನೆ ಜಗಳವಾಡಿ ಟೈಪಿಂಗ್ ಕಲಿತು ಸಂಪಾದಿಸಿದ ಕೆಲಸ ಅದು. ಜುಜುಬಿ ಬಸ್ಸಿಗೆ ಹೆದರಿ ಬಿಡುತ್ತೇನೆಯೇ?

ವಾಂತಿಯ ಭಯಕ್ಕೆ ಖಾಲಿ ಹೊಟ್ಟೆಯಲ್ಲಿ ಹೊರಡುತ್ತಿದ್ದೆ. ಅದನ್ನು ನಿಲ್ಲಿಸಿ ಇಡ್ಲಿ ತಿಂದು ಹೊರಟೆ. ಮುಂದುಗಡೆ ಕಿಟಕಿ ಸೀಟು ಸಿಗದಿದ್ದರೆ ಆ ಬಸ್ಸು ಬಿಟ್ಟು ಮುಂದಿನದಕ್ಕೆ ಕಾದೆ. ಅದಕ್ಕಾಗಿ ಬೇಗ ಎದ್ದೆ. ದಾರಿಯಲ್ಲಿ ಧಾರಾವಾಹಿ ಓದುವ ಚಟ ಬಿಟ್ಟು ದೂರದ ರಸ್ತೆಯನ್ನೇ ದಿಟ್ಟಿಸಿದೆ. ಬಸ್ಸು ಗುಂಡಿಗೆ ಬಿದ್ದು ಕುಣಿದಾಗಲೆಲ್ಲ ಕೈಯಲ್ಲಿದ್ದ ನಿಂಬೆಹಣ್ಣಿಗೆ ಉಗುರು ಊರಿ ಮೂಸುತ್ತಿದ್ದೆ.

"ಏನಕ್ಕಾ, ದಿನಾ ದೇವಸ್ಥಾನಕ್ಕಾ?" ಎಂದು ಕಂಡಕ್ಟರ್ ಕೀಟಲೆ ಮಾಡಿದ. ನಗಲಿ, ನನ್ನ ಗಂಟೇನು ಹೋಗುತ್ತೆ ಎಂದುಕೊಂಡೆ. ಮೊದಮೊದಲು ಸೋತೆ. ಆಮೇಲೆ ಬೊಮ್ಮನಹಳ್ಳಿವರೆಗೂ ಹೊಟ್ಟೆ ತೆಪ್ಪಗೆ ಕೂತಿತು. ಅತ್ತೆ ಎಲ್ಲವನ್ನೂ ನೋಡುತ್ತಿದ್ದರು.

ವರ್ಷ ಕಳೆದ ಮೇಲೆ ಒಂದು ಭಾನುವಾರ ಒಗ್ಗರಣೆಯ ವಾಸನೆಗೆ ಬಚ್ಚಲಿಗೆ ಓಡಿದೆ. ಅತ್ತೆ ಹಿಂದೆಯೇ ಬಂದರು.

"ಇವತ್ತು ಯಾವ ಬಸ್ಸೇ?"

ನಗುವೂ ಬಂತು, ಅಳುವೂ ಬಂತು. ಬಾಯಿ ಒರೆಸಿಕೊಂಡು, "ವಿಶೇಷ, ಅತ್ತೆ. ಆದ್ರೆ ನಾಳೆ ಕೆಲಸಕ್ಕೆ ಹೋಗ್ತೀನಿ," ಎಂದೆ.

ಮರುದಿನ ನಾನು ಚಪ್ಪಲಿ ಮೆಟ್ಟುವಾಗ ಅತ್ತೆ ಬಂದು ಬ್ಯಾಗಿಗೆ ಎರಡು ನಿಂಬೆಹಣ್ಣು ಹಾಕಿದರು.

"ಕಿಟಕಿ ಸೀಟು ಸಿಗ್ಲಿಲ್ಲ ಅಂದ್ರೆ ಬಸ್ ಬಿಟ್ಬಿಡು," ಎಂದರು.

ಕೆಲಸದ ಮಾತು ಎತ್ತಲಿಲ್ಲ.