ಅಪ್ಪನ ಫೋನು ಕಿಟಕಿಯಲ್ಲಿ ಸುಮ್ಮನಿದ್ದ ಐವತ್ತೊಂಬತ್ತು ದಿನ

ಜುಲೈ ಎಂಟು, ಮಂಗಳವಾರ. ಬೆಳಗ್ಗೆ ಹನ್ನೊಂದಕ್ಕೆ ಅಪ್ಪನ ಮಾತಿನ ತರಬೇತಿಯ ಮೊದಲ ಪಾಠ. ನನ್ನ ಪುಸ್ತಕದಲ್ಲಿ ಆ ದಿನದ ಸಾಲು ಹೀಗಿದೆ: ನಿಮಿಷ ಇಪ್ಪತ್ತೊಂಬತ್ತು, ತಡೆ ಮೂರು, ಪದ ನಾಲ್ಕು. ಪಾಠ ಇರಬೇಕಾದದ್ದು ನಲವತ್ತು ನಿಮಿಷ. ಉಳಿದ ಹನ್ನೊಂದು ನಿಮಿಷವನ್ನು ನೆಟ್ ತಿಂದಿತ್ತು.

ಅಪ್ಪನಿಗೆ ಲಕ್ವ ಹೊಡೆದದ್ದು ಜೂನ್ ಮೂರರಂದು. ಹೊಳಲ್ಕೆರೆಯಿಂದ ತಾಳ್ಯ, ಎಚ್.ಡಿ.ಪುರದ ಮೇಲೆ ಹಿರಿಯೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಅವನು ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದ. ಚಿತ್ರದುರ್ಗದ ಆಸ್ಪತ್ರೆಯಿಂದ ಹದಿನಾರನೇ ದಿನ ಮನೆಗೆ ಕರೆತಂದಾಗ ಬಲಗಾಲು ತಕ್ಕಮಟ್ಟಿಗೆ ಆಡುತ್ತಿತ್ತು, ಬಲಗೈ ಇಲ್ಲ, ಮಾತಂತೂ ಇಲ್ಲವೇ ಇಲ್ಲ. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಹೇಳಬೇಕಾದದ್ದು ಒಳಗೇ ಇತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಮರಳುವ ಮಾತಿನಲ್ಲಿ ಹೆಚ್ಚಿನದು ಮೊದಲ ಆರು ತಿಂಗಳಲ್ಲೇ ಮರಳಬೇಕು, ಆಮೇಲೆ ಬಹಳ ನಿಧಾನ ಎಂದು ವೈದ್ಯರು ಹೇಳಿದ್ದರು. ನಾನು ಅವತ್ತೇ ಇನ್ನೂರು ಪುಟದ ಪುಸ್ತಕ ತಂದು ಗೆರೆ ಎಳೆದೆ. ದಿನಾಂಕ, ನಿಮಿಷ, ತಡೆ, ತಡೆಗೆ ಕಾರಣ, ಪದ. ಪದ ಎಂದರೆ ಇಡೀ ದಿನದಲ್ಲಿ ಅಪ್ಪ ತಾನಾಗಿ ಆಡಿದ ಪದ. ಹೇಳಿಕೊಟ್ಟದ್ದನ್ನು ತಿರುಗಿ ಹೇಳಿದರೆ ಲೆಕ್ಕಕ್ಕಿಲ್ಲ.

ತರಬೇತಿ ಕೊಡುವಾಕೆ ಇದ್ದದ್ದು ಮೈಸೂರಿನಲ್ಲಿ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಪರದೆಯ ಮೇಲೆ ಬರುತ್ತಿದ್ದರು. ಅವರ ತುಟಿ ಆಡುವುದು ಅಪ್ಪನಿಗೆ ದೊಡ್ಡದಾಗಿ ಕಾಣಬೇಕಿತ್ತು, ಹಾಗಾಗಿ ಲ್ಯಾಪ್‌ಟಾಪೇ ಆಗಬೇಕು. ಲ್ಯಾಪ್‌ಟಾಪ್ ನನ್ನ ಎಂ.ಕಾಂ. ಓದಿನ ಕಾಲದ್ದು. ತಾಳ್ಯದ ನಮ್ಮ ಮನೆಗೆ ಬೇರೆ ನೆಟ್ ಇಲ್ಲ. ನನ್ನ ಫೋನು ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿದ್ದು ಕೆಟ್ಟಿತ್ತು. ಅಮ್ಮನದು ಬಟನ್ ಫೋನು. ಉಳಿದದ್ದು ಅಪ್ಪನ ಹಳೇ ಫೋನು ಒಂದೇ.

ಮನೆಯೊಳಗೆ ನಾಲ್ಕು ಜಾಗ ಆರಿಸಿ, ಒಂದೊಂದರಲ್ಲೂ ಐದೈದು ಸಲ ವೇಗ ನೋಡಿ ಸರಾಸರಿ ತೆಗೆದೆ. ಉತ್ತರದ ಕಿಟಕಿಯ ಎರಡನೇ ಸರಳು ಗೆದ್ದಿತು. ಅಮ್ಮನ ಜಡೆಯ ಟೇಪಿನಿಂದ ಫೋನನ್ನು ಆ ಸರಳಿಗೆ ಕಟ್ಟಿ, ವೈರ್ ಎಳೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ವೈರ್ ಇಲ್ಲದೆ ಹಾಟ್‌ಸ್ಪಾಟ್ ಹಾಕಿದರೆ ಅರ್ಧ ಗಂಟೆಗೆ ಫೋನು ಕಾದು ತಾನಾಗಿ ಆರಿಹೋಗುತ್ತಿತ್ತು.

"ಎಮ್ಮೆ ಕಟ್ಟಿದಂಗೆ ಕಟ್ಟಿದೀಯಲ್ಲೇ. ಮೇವು ಏನ್ ಹಾಕ್ಲಿ ಅದಕ್ಕೆ?" ಎಂದಳು ಅಮ್ಮ. ಅಪ್ಪ ನಕ್ಕ. ಅವನಿಗೆ ಆಗ ಎಡಗಡೆಯ ತುಟಿ ಮಾತ್ರ ನಗುತ್ತಿತ್ತು.

ಒಂದೊಂದು ತಡೆಗೂ ಕಾರಣ ಹುಡುಕಿದೆ. ದಿನದ ಒಂದೂವರೆ ಜಿಬಿಯನ್ನು ಲ್ಯಾಪ್‌ಟಾಪ್ ತನ್ನ ಅಪ್‌ಡೇಟಿಗೇ ಸುರಿದುಕೊಳ್ಳುತ್ತಿತ್ತು. ಎರಡನೇ ಪಾಠದ ಹೊತ್ತಿಗೆ ಅದನ್ನು ನಿಲ್ಲಿಸಿದೆ. ವೈರ್ ಸಡಿಲವಿತ್ತು, ಬದಲಾಯಿಸಿದೆ. ಕೊನೆಗೆ ಉಳಿದದ್ದು ಒಂದು ಕಾರಣ. ಫೋನಿಗೆ ಕರೆ ಬಂದರೆ ನೆಟ್ ನಿಂತುಬಿಡುತ್ತಿತ್ತು. ಕರೆ ಮುಗಿದ ಮೇಲೂ ಮತ್ತೆ ಹಿಡಿದುಕೊಳ್ಳಲು ಎರಡು ನಿಮಿಷ ಬೇಕು. ಅಪ್ಪನಿಗೆ ಕರೆ ಮಾಡುವವರೋ ದಂಡಿಯಾಗಿದ್ದರು. ಬಸ್‌ಸ್ಟ್ಯಾಂಡಿನ ಏಜೆಂಟ್, ದಿನವೂ ಹೂವಿನ ಬುಟ್ಟಿ ಹತ್ತಿಸುತ್ತಿದ್ದ ಎಚ್.ಡಿ.ಪುರದ ಹೆಂಗಸು, ಹಿರಿಯೂರಿನ ಟಯರ್ ಅಂಗಡಿಯವನು. ಎಲ್ಲರಿಗಿಂತ ಹೆಚ್ಚಾಗಿ, ಹದಿನಾಲ್ಕು ವರ್ಷ ಅದೇ ಬಸ್ಸನ್ನು ಓಡಿಸಿದ ಡ್ರೈವರು.

ಜುಲೈ ಇಪ್ಪತ್ತೆರಡರ ಮಂಗಳವಾರ ಐದನೇ ಪಾಠ. ತರಬೇತಿಯಾಕೆ ಲೋಟದ ಚಿತ್ರ ಹಿಡಿದು, "ಲೋ... ನಿಧಾನವಾಗಿ ಹೇಳಿ ಸರ್, ಲೋ..." ಎನ್ನುತ್ತಿದ್ದಂತೆ ಅವರ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತು. ಕಿಟಕಿಯಲ್ಲಿ ಫೋನು ಕುಣಿಯುತ್ತಿತ್ತು. ಅಮ್ಮ ಓಡಿಹೋಗಿ ಸ್ಪೀಕರಿಗೆ ಹಾಕಿದಳು.

"ಲೇ ಕಂಡಕ್ಟ್ರೇ, ಇನ್ನಾ ಮಲಗಿದೀಯೇನಲೇ?" ಡ್ರೈವರ ದನಿ ಮನೆ ತುಂಬಿತು. "ನಿನ್ ಜಾಗಕ್ಕೆ ಬಂದವ್ನಲ್ಲ, ಅವಂಗೆ ಸೀಟಿ ಊದಕ್ಕೂ ಬರಂಗಿಲ್ಲ ಕಣಪ್ಪ. ತಾಳ್ಯ ದಾಟಿ ಅರ್ಧ ಮೈಲಿ ಆದ್ಮ್ಯಾಲೆ ತಾಳ್ಯ ತಾಳ್ಯ ಅಂತ ಬಡ್ಕಂತಾನೆ. ಏನ್ ಮಾಡ್ಲಿ ಅವಂಗೆ, ನೀನೇ ಹೇಳು."

ಅಪ್ಪನ ಕುತ್ತಿಗೆಯ ನರ ಉಬ್ಬಿತು. "ಹೋ... ಹೋಲ್ಡಾನ್," ಎಂದ.

"ಹಾಂ! ಅದನ್ನೇ ಹೇಳ್ತೀನಿ ಅವಂಗೆ! ನೋಡಕ್ಕ, ಗಾಡಿ ನಿಲ್ಸಿದ ನಿನ್ ಗಂಡ!"

ನಾನು ಲ್ಯಾಪ್‌ಟಾಪಿನ ಮುಂದೆ ಗಡಿಯಾರ ನೋಡುತ್ತಿದ್ದೆ. "ಅಮ್ಮಾ, ಕಟ್ ಮಾಡೇ. ಆಗ್ಲೇ ಹದಿನೆಂಟು ನಿಮಿಷ ಹೋತು," ಎಂದು ಕೂಗಿದೆ. ಅಮ್ಮ ಕಟ್ ಮಾಡಿದಳು. ಅವತ್ತಿನ ಸಾಲು: ತಡೆ ನಾಲ್ಕು, ಕಾರಣ ನಾಲ್ಕಕ್ಕೂ ಕರೆ, ಪದ ಹದಿನಾಲ್ಕು. ಹದಿನಾಲ್ಕು ಎಂಬುದರ ಕೆಳಗೆ ಗೆರೆ ಹಾಕಿ, ತರಬೇತಿ ಕೆಲಸ ಮಾಡುತ್ತಿದೆ, ತಡೆ ಇಲ್ಲದಿದ್ದರೆ ಇನ್ನೂ ಹೆಚ್ಚು ಆಗುತ್ತಿತ್ತು ಎಂದು ಬರೆದೆ.

ಅವತ್ತು ಮಧ್ಯಾಹ್ನ ಫೋನಿನ ಸೆಟ್ಟಿಂಗ್‌ಗಳನ್ನೆಲ್ಲ ಕೆದಕಿ, ಒಳಬರುವ ಕರೆಗಳನ್ನು ಪೂರ್ತಿ ತಡೆಯುವ ಜಾಗ ಕಂಡುಹಿಡಿದೆ. ಪಾಠದ ಹೊತ್ತಿಗೆ ಹಾಕಿ ಆಮೇಲೆ ತೆಗೆಯುವುದೆಂದುಕೊಂಡಿದ್ದೆ. ಆದರೆ ಪಾಠವಿಲ್ಲದ ದಿನಗಳಲ್ಲೂ ಅಭ್ಯಾಸದ ವಿಡಿಯೋಗಳನ್ನು ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತೋರಿಸುತ್ತಿದ್ದೆ. ತೆಗೆಯುವುದು ನಾಳೆಗೆ ಹೋಯಿತು, ನಾಳೆ ನಾಡಿದ್ದಿಗೆ. ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬರೆಯದೆ ಇದ್ದದ್ದು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ನೆಂಟರೆಲ್ಲ ಅಮ್ಮನ ಬಟನ್ ಫೋನಿಗೇ ಮಾಡುತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಆರನೇ ಪಾಠ, ತಡೆ ಸೊನ್ನೆ. ಏಳನೇದು, ಸೊನ್ನೆ. ಆಗಸ್ಟ್ ಪೂರ್ತಿ ಸೊನ್ನೆಗಳು. ಆ ಕಾಲಂ ನೋಡಿದರೆ ನನಗೆ ಸಮಾಧಾನವಾಗುತ್ತಿತ್ತು. ಪಕ್ಕದ ಕಾಲಂನಲ್ಲಿ ಪದ ಹನ್ನೊಂದಾಯಿತು, ಒಂಬತ್ತಾಯಿತು, ಐದಾಯಿತು. ಅಭ್ಯಾಸವನ್ನು ದಿನಕ್ಕೆ ಮೂರು ಗಂಟೆಗೆ ಏರಿಸಿದೆ. ಚಿತ್ರದ ಚೀಟಿಗಳನ್ನು ಅರವತ್ತರಿಂದ ನೂರಿಪ್ಪತ್ತು ಮಾಡಿದೆ.

ದಿನವೂ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಅಪ್ಪ ಎಡಗೈ ಎತ್ತಿ ಕಿಟಕಿಯ ಕಡೆ ತೋರಿಸುತ್ತಿದ್ದ. ನೆಟ್ ಹೋಗಿದೆ ಎನ್ನುತ್ತಿದ್ದಾನೆಂದು ನಾನು ತಿಳಿದಿದ್ದೆ. "ಐತಪ್ಪ, ನೆಟ್ ಐತೆ, ನೋಡು," ಎಂದು ಪರದೆಯನ್ನು ಅವನ ಕಡೆ ತಿರುಗಿಸುತ್ತಿದ್ದೆ. ಅವನು ಪರದೆ ನೋಡುತ್ತಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈ ಎತ್ತುವುದನ್ನೂ ಬಿಟ್ಟ.

"ಸ್ವಲ್ಪ ಹಿಂದೆ ಹೋಗ್ತಿದಾರೆ," ಎಂದರು ತರಬೇತಿಯಾಕೆ. ಈಗ ಅವರ ಮುಖ ಒಮ್ಮೆಯೂ ನಿಲ್ಲುತ್ತಿರಲಿಲ್ಲ. "ಮನೇಲಿ ಅವರ ಜೊತೆ ಮಾತಾಡೋರು ಇದಾರೆ ತಾನೆ?"

"ಇದೀವಿ ಮೇಡಂ. ದಿನಕ್ಕೆ ಮೂರು ಗಂಟೆ," ಎಂದೆ. ಪುಸ್ತಕವನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸಿದೆ ಕೂಡ.

ಸೆಪ್ಟೆಂಬರ್ ಹತ್ತೊಂಬತ್ತು, ಶುಕ್ರವಾರ. ಅಮ್ಮ ಮಾತ್ರೆ ತರಲು ಹೊಳಲ್ಕೆರೆಗೆ ಹೋಗಿದ್ದವಳು ಅಪ್ಪನ ಬಸ್ಸಿನಲ್ಲೇ ವಾಪಸು ಬಂದಳು. ಒಳಗೆ ಬಂದವಳು ಚೀಲ ಇಳಿಸದೆ ಬಾಗಿಲಲ್ಲೇ ನಿಂತಳು.

"ಅಲ್ಲ ಕಣೇ, ಡ್ರೈವರಣ್ಣ ಎಲ್ಲರ ಮುಂದೆ ಕೇಳ್ತಾನೆ. ಯಾಕಕ್ಕ, ನಮ್ ಫೋನು ಬರಬಾರ್ದು ಅಂತ ಮಾಡಿದೀರಾ, ನಾವೇನ್ ತಪ್ಪು ಮಾಡಿದ್ವಿ ಅಂತ. ಮಾಡಿದಾಗೆಲ್ಲ ಒಂದ್ ಹೆಣ್ಮಗಳು ಇಂಗ್ಲೀಷ್‌ನಾಗೆ ಏನೋ ಹೇಳ್ತಾಳಂತೆ. ಒಂದ್ ತಿಂಗ್ಳು ಮಾಡಿದೀವಿ, ಆಮ್ಯಾಲೆ ಬಿಟ್ವಿ ಅಂದ. ನಾ ಏನ್ ಹೇಳ್ಲಿ? ತಲೆ ಬಗ್ಗಿಸ್ಕಂಡ್ ಕುಂತ್ಕಂಡ್ ಬಂದೆ."

ಅಪ್ಪ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ನಿದ್ದೆ ಮಾಡುತ್ತಿದ್ದನೋ ಕೇಳಿಸಿಕೊಂಡನೋ ಗೊತ್ತಾಗಲಿಲ್ಲ. ನಾನು ಟೇಪಿನ ಗಂಟು ಬಿಚ್ಚಿ ಫೋನು ಇಳಿಸಿ ತಡೆ ತೆಗೆದೆ. ಜುಲೈ ಇಪ್ಪತ್ತೆರಡರಿಂದ ಅಲ್ಲಿಯವರೆಗೆ ಐವತ್ತೊಂಬತ್ತು ದಿನ. ಬೆರಳಿನಲ್ಲಿ ಎಣಿಸಿ, ಆಮೇಲೆ ಕ್ಯಾಲೆಂಡರಿನಲ್ಲೂ ಎಣಿಸಿದೆ.

ಹಿತ್ತಲಿಗೆ ಹೋಗಿ ಪುಸ್ತಕವನ್ನು ಮೊದಲಿಂದ ಓದಿದೆ. ಕರೆಯಿಂದ ಎರಡು ತಡೆ ಆದ ದಿನ ಏಳು ಪದ. ಮೂರು ಕರೆ ಇದ್ದ ದಿನ ಹತ್ತು. ನಾಲ್ಕು ಇದ್ದ ದಿನ ಹದಿನಾಲ್ಕು. ಸೊನ್ನೆಗಳು ಶುರುವಾದ ಮೇಲೆ ಪದ ಒಂದು ವಾರವೂ ಮೇಲೇರಿಲ್ಲ. ಅಪ್ಪ ಮಾತಾಡುತ್ತಿದ್ದದ್ದು ಲೋಟದ ಚಿತ್ರದ ಜೊತೆಗಲ್ಲ. ಇಷ್ಟು ದಿನ ಎರಡೂ ಕಾಲಂಗಳನ್ನು ನಾನೇ ಬರೆದಿದ್ದೆ, ಒಂದರ ಪಕ್ಕ ಒಂದು. ಅವನ ಗೆಳೆಯರನ್ನು ಸಡಿಲ ವೈರನ್ನು ಬರೆಯುತ್ತಿದ್ದ ಕಾಲಂನಲ್ಲೇ ಬರೆದಿದ್ದೆ.

ಮರುದಿನ ಒಂದೂವರೆಗೆ, ಬಸ್ಸು ಊಟಕ್ಕೆ ನಿಲ್ಲುವ, ಅಪ್ಪ ಕಿಟಕಿ ತೋರಿಸುತ್ತಿದ್ದ ಹೊತ್ತಿಗೆ, ಡ್ರೈವರಿಗೆ ನಾನೇ ಕರೆ ಮಾಡಿದೆ. ಆದದ್ದನ್ನು ಹೇಳಿದೆ.

"ಹೋಗ್ಲಿ ಬಿಡಮ್ಮ. ನಾವು ಬ್ಯಾರೆ ಅಂದ್ಕಂಡಿದ್ವಿ. ಮಾತು ಬರದೋನ್ ಕೂಡ ನಗಾಡ್ತೀವಿ ಅಂತ ಮನೇರಿಗೆ ಬ್ಯಾಸರ ಆಗೈತೇನೋ ಅಂತ. ಕೊಡು ಅವಂಗೆ."

ಅಪ್ಪನ ಎಡಗಿವಿಗೆ ಫೋನು ಹಿಡಿದೆ. "ಲೇ ಕಂಡಕ್ಟ್ರೇ, ಎಲ್ಲಲೇ ಹೋಗಿದ್ದೆ? ಹಿರಿಯೂರು ಗೇಟಿನಾಗೆ ನಿನ್ ಕೇಳ್ದೇ ಇರೋರೇ ಇಲ್ಲ..." ಡ್ರೈವರು ಹೊಸ ಕಂಡಕ್ಟರನ ಕಥೆ ಹೇಳಿದರು, ತಾವೇ ನಕ್ಕರು, ನಿಂತರು, ಮತ್ತೆ ಹೇಳಿದರು. ಅಪ್ಪ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡ. ಕುತ್ತಿಗೆಯ ನರ ಉಬ್ಬಲಿಲ್ಲ. "ಹೂಂ ಅನ್ನಲೇ, ಹೂಂ ಆದ್ರೂ ಅನ್ನು," ಎಂದರು ಡ್ರೈವರು. ಕೊನೆಗೆ, "ಬಸ್ಸಿಗೆ ಟೈಮಾತು, ಇಡ್ತೀನಮ್ಮ," ಎಂದು ನನಗೆ ಹೇಳಿದರು.

ನಾನು ಮಂಚದ ಪಕ್ಕ ಕೂತೆ. "ಅಪ್ಪಾ, ಅವರು ದಿನಾ ಮಾಡ್ತಿದ್ರು. ಯಾರೂ ನಿನ್ನ ಮರೆತಿರ್ಲಿಲ್ಲ. ನಾನೇ ಬರದಂಗೆ ಮಾಡಿದ್ದೆ. ಪಾಠಕ್ಕೆ ನೆಟ್ ನಿಲ್ಬಾರ್ದು ಅಂತ."

ಅಪ್ಪ ನನ್ನನ್ನೇ ನೋಡಿದ. ಆಮೇಲೆ ನನ್ನ ತೊಡೆಯ ಮೇಲಿದ್ದ ಪುಸ್ತಕವನ್ನು ಎಡಗೈಯಿಂದ ಎಳೆದುಕೊಂಡ. ಅಕ್ಷರ ಅವನಿಗೆ ಎಷ್ಟು ಉಳಿದಿತ್ತೋ ನನಗೆ ಗೊತ್ತಿಲ್ಲ. ಅಂಕಿ ಉಳಿದಿತ್ತು. ಇಪ್ಪತ್ತೆರಡು ವರ್ಷ ಟಿಕೆಟ್ ಲೆಕ್ಕದ ಹಾಳೆ ಬರೆದವನು. ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸಿದ. ಹದಿನಾಲ್ಕರ ಕೆಳಗಿನ ಗೆರೆಯ ಮೇಲೆ ಬೆರಳು ನಿಂತಿತು. ಅಲ್ಲಿಂದ ಸೊನ್ನೆಗಳ ಮೇಲೆ ಒಂದೊಂದಾಗಿ ಕೆಳಗೆ ಬಂತು, ಪುಟ ತಿರುಗಿಸಿತು, ಮತ್ತೆ ಸೊನ್ನೆಗಳು. ಅವನು ಬೈಯಲಿ ಎಂದು ನಾನು ಕಾದೆ. ಬೈಗುಳವಾದರೂ ಪದವೇ. ಅವನ ತುಟಿ ಎರಡು ಸಲ ತೆರೆಯಿತು, ಮುಚ್ಚಿಕೊಂಡಿತು. ಪುಸ್ತಕ ಮಡಚಿ ನನ್ನ ಕೈಗೆ ಕೊಟ್ಟ.

ಈಗ ಪಾಠಕ್ಕೆ ಬೇರೆ ಫೋನಿದೆ. ಅಪ್ಪನದು ಅವನ ದಿಂಬಿನ ಪಕ್ಕದಲ್ಲೇ ಇರುತ್ತದೆ. ಕರೆ ಬಂದರೆ ಕೇಳಿಸಿಕೊಳ್ಳುತ್ತಾನೆ, ಮುಗಿದ ಮೇಲೆ ಫೋನನ್ನು ಹಾಸಿಗೆಯ ಮೇಲೆ ಮೆಲ್ಲಗೆ ಇಡುತ್ತಾನೆ. ಕರೆ ಮಾಡುವವರು ಮೊದಲಿನಷ್ಟಿಲ್ಲ. ಪುಸ್ತಕದಲ್ಲಿ ಕರೆಗೆ ಬೇರೆಯೇ ಕಾಲಂ ಹಾಕಿದ್ದೇನೆ. ಡಿಸೆಂಬರ್ ಮೂರು, ಬುಧವಾರ, ಆರು ತಿಂಗಳು ತುಂಬಿತು. ಅಂದು ಕರೆ ಎರಡು, ಪದ ಮೂರು.