ಎಲೆಅಡಿಕೆ ಸಂಚಿಯೊಳಗಿನ ಚಾಕು

ನಿಮ್ಮ ಅಜ್ಜನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಒಂದು ಮಡಚುವ ಚಾಕು ಇರುತ್ತಿತ್ತು. ಘೋಣಸಗಿಯ ನಮ್ಮ ಹೊಲದ ಮನೆಯಲ್ಲಿ ಸುತಳಿ ಕೊಯ್ಯಲು, ಚೀಲದ ಬಾಯಿ ಬಿಚ್ಚಲು ಅದೇ ಬೇಕು. ನಾನು ಕೇಳಬೇಕು, ಅವರು ನೆಲದ ಮೇಲೆ ಇಡಬೇಕು, ನಾನು ಎತ್ತಿಕೊಳ್ಳಬೇಕು. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ನಂಬಿಕೆ. ಹೆಂಗಸರಿಗೆ ಅಡುಗೆಮನೆಯ ಈಳಿಗೆ ಸಾಕು ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ನಿಮ್ಮ ಅಪ್ಪ ಇನ್ನೂ ಹುಟ್ಟಿರದ, ಎಪ್ಪತ್ತರ ದಶಕದ ಮಾತು. ಅಜ್ಜ ಬಬಲೇಶ್ವರದ ಸಂತೆಗೆ ಹೋಗಿದ್ದರು. ಇತ್ತ ಎಮ್ಮೆಯ ಕರು ಗೂಟವನ್ನು ಸುತ್ತಿ ಸುತ್ತಿ ಕೊರಳ ಹಗ್ಗ ಬಿಗಿದುಕೊಂಡು ಬಿದ್ದಿತ್ತು. ನಾಲಿಗೆ ಹೊರಗೆ ಬಂದಿತ್ತು. ಈಳಿಗೆ ಹಲಗೆಗೆ ಜಡಿದದ್ದು, ಅದನ್ನು ಒಯ್ದು ಏನು ಮಾಡಲಿ? ಒದ್ದಾಡುವ ಕೊರಳಿಗೆ ಕುಡುಗೋಲು ಹಾಕಲು ಧೈರ್ಯ ಬರಲಿಲ್ಲ. ಹಲ್ಲಿನಿಂದ, ಬೆರಳಿನಿಂದ ಗಂಟು ಎಳೆದೆಳೆದು ಬಿಚ್ಚಿದೆ. ಕರು ಉಳಿಯಿತು, ಆದರೆ ಎಷ್ಟೋ ಹೊತ್ತು ಎದ್ದು ನಿಲ್ಲಲಿಲ್ಲ. ಇನ್ನೊಂದು ಸಲ ಹೀಗಾಗಗೊಡಬಾರದು ಎಂದು ಅದರ ಪಕ್ಕದಲ್ಲೇ ಕೂತು ನಿಶ್ಚಯಿಸಿದೆ.

ಅಜ್ಜ ಸಂತೆಯಿಂದ ಬಂದೊಡನೆ ಹೇಳಿದೆ, "ನನಗೊಂದು ಚಾಕು ಬೇಕ್ರಿ. ಮಡಚೂದು."

ನನ್ನ ಅತ್ತೆ ನಕ್ಕರು. "ಯಾವ ಊರು ದರೋಡಿ ಮಾಡಾಕ ಹೊಂಟೀ ಬೇ?"

"ನಂದ ಐತೆಲ್ಲ, ಕೇಳಿದ್ರ ಕೊಡಂಗಿಲ್ಲೇನು?" ಎಂದರು ನಿಮ್ಮ ಅಜ್ಜ.

"ನೀವು ಸಂತ್ಯಾಗ, ಚಾಕು ನಿಮ್ಮ ಕಿಸೆದಾಗ. ಕರ ಇಲ್ಲಿ ಸಾಯಾಕತ್ತಿತ್ತು."

ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. "ನಡಿ, ವಿಜಾಪುರಕ್ಕ ಹೋಗಿ ತರೂಣು," ಎಂದರು ಅಜ್ಜ.

ತಿಕೋಟಾದಿಂದ ಬಸ್ಸು ಹಿಡಿದು ವಿಜಾಪುರಕ್ಕೆ ಹೋದೆವು. ಗಾಂಧಿ ಚೌಕದ ಹತ್ತಿರದ ಓಣಿಯ ಅಂಗಡಿಯಲ್ಲಿ ಮುದುಕ ಸಾಹೇಬರೊಬ್ಬರು ಚಾಕುಗಳನ್ನು ಅಜ್ಜನ ಮುಂದೆ ಹರಡಿದರು. ನಾನು ಸೆರಗು ಹೊದ್ದು ಹಿಂದೆ ನಿಂತಿದ್ದೆ. ಮೀನಿನ ಆಕಾರದ ಹಿತ್ತಾಳೆ ಹಿಡಿಯ ಚಾಕು ಅಜ್ಜನ ಮನಸ್ಸಿಗೆ ಬಂತು. ಹೆಬ್ಬೆರಳಿನ ಉಗುರು ಸಿಕ್ಕಿಸಿ ಟಕ್ಕನೆ ಬಿಚ್ಚಿದರು. "ಇದ ಛಲೋ ಐತಿ. ಕೊಡ್ರಿ."

ಸುಮ್ಮನಿದ್ದರೆ ಅದೇ ಮನೆಗೆ ಬರುತ್ತಿತ್ತು. ಮುಂದೆ ಬಂದೆ. "ನಾ ಬಿಚ್ಚಿ ನೋಡ್ತೀನ್ರಿ."

ಬಿಚ್ಚಲಾಗಲಿಲ್ಲ. ಶೇಂಗಾ ಸುಲಿದು ಸುಲಿದು ನನ್ನ ಉಗುರುಗಳು ಸವೆದುಹೋಗಿದ್ದವು. ಅಲಗಿನ ಗೀರಿಗೆ ಸಿಕ್ಕಿಸಲು ಏನೂ ಉಳಿದಿರಲಿಲ್ಲ.

"ತಂಗೀ, ನಿನಗ ಉಗುರಿಲ್ಲಂದ್ರ ಚಾಕೂದೇನು ತಪ್ಪು?" ಸಾಹೇಬರು ನಕ್ಕರು.

"ಉಗುರು ಬೆಳಸಿದಾಕಿ ಹಗ್ಗ ಕೊಯ್ಯಾಕ ಬರಂಗಿಲ್ರಿ ಚಾಚಾ."

ಅಜ್ಜ ಕೆಮ್ಮಿದರು. ಸಾಹೇಬರು ಮತ್ತಷ್ಟು ಚಾಕು ತೆಗೆದರು. ಒಂದು ಹಗುರಾಗಿ ಬಿಚ್ಚಿಕೊಂಡಿತು, ಆದರೆ ಅಲಗಿನ ಬೆನ್ನನ್ನು ಅಂಗಡಿಯ ಕಟ್ಟೆಗೆ ಒತ್ತಿದೊಡನೆ ಮಡಚಿಕೊಂಡಿತು; ಬೆರಳು ಹೋದೀತು. ಕೊನೆಗೆ ಕಟ್ಟಿಗೆಯ ಹಿಡಿ ಇದ್ದ ಒಂದು ಸಿಕ್ಕಿತು. ಮಡಚಿದಾಗಲೂ ಅಲಗಿನ ಬೆನ್ನು ಹಿಡಿಯಿಂದ ಮೇಲೆದ್ದು ನಿಲ್ಲುತ್ತಿತ್ತು, ಬೆರಳ ತುದಿಯಿಂದಲೇ ಎಳೆಯಬಹುದು. ಬಿಚ್ಚಿದರೆ ಗಟ್ಟಿ. ಸೊಂಟಕ್ಕೆ ಸಿಕ್ಕಿಸಿದ್ದ ನನ್ನ ಎಲೆಅಡಿಕೆ ಸಂಚಿಯಲ್ಲಿ ತಂದಿದ್ದ ಹಳೆಯ ಹಗ್ಗದ ತುಂಡನ್ನು ಅಲ್ಲೇ ಕೊಯ್ದು ನೋಡಿದೆ.

"ಇದು ಕೊಡ್ರಿ."

"ಏನ ಲೇ ಇದು, ಹೊಳಪಿಲ್ಲ ಏನಿಲ್ಲ," ಎಂದರು ಅಜ್ಜ.

"ಇರ್ಲಿ ಬಿಡ್ರಿ. ಕರಕ್ಕೇನು ತೋರಸೂದೈತಿ?"

ಸಾಹೇಬರು ಈ ಸಲ ಚಾಕುವನ್ನು ನನ್ನ ಮುಂದೆ ಇಟ್ಟರು.

ಅಂಗಡಿಯಲ್ಲಿ ನಾಚಿಕೆಯಿಂದ ಬಿಟ್ಟಿದ್ದ ಒಂದು ಪರೀಕ್ಷೆಯನ್ನು ಮನೆಯಲ್ಲಿ ಮಾಡಿದೆ. ಹಿಡಿಯನ್ನು ಹಲ್ಲಲ್ಲಿ ಕಚ್ಚಿ ಒಂದೇ ಕೈಯಲ್ಲಿ ಅಲಗು ಎಳೆಯುವುದನ್ನು ರೂಢಿ ಮಾಡಿಕೊಂಡೆ. ಮಳೆಗಾಲದಲ್ಲಿ ಅದೇ ಕರು ಮತ್ತೆ ಸಿಕ್ಕಿಕೊಂಡಿತು. ಒಂದು ಕೈ ಅದರ ಕೊರಳ ಮೇಲಿಟ್ಟು, ಇನ್ನೊಂದರಿಂದ ಚಾಕು ಬಿಚ್ಚಿ ಹಗ್ಗ ಕೊಯ್ದೆ. ಕರು ಎದ್ದದ್ದೇ ಸಜ್ಜೆಯ ಹೊಲಕ್ಕೆ ನುಗ್ಗಿತು.

"ಹೊಸಾ ಹಗ್ಗ ಹಾಳ ಮಾಡಿದೆಲ್ಲ ಬೇ!" ಅತ್ತೆ ಕೂಗಿದರು. "ನಿಂತೀ ಏನು, ಸಜ್ಜಿ ತಿನ್ನಾಕತ್ತೈತಿ, ಹಿಡಿ!"

ಚಾಕು ಮಡಚಿ ಸಂಚಿಗೆ ಹಾಕಿಕೊಂಡು, ಆಮೇಲೆ ಓಡಿದೆ.